ಮೂವತ್ತೇಳು ಆನೆಗಳು

ಇನ್ನು ಹದಿನೈದು ದಿನಗಳಲ್ಲಿ ಗಜೇಂದ್ರಗಡದ ಅಷ್ಟೂ ರೊಟ್ಟಿಗಳು ತನ್ನ ಗಿರಣಿಯ ಹಿಟ್ಟಿನಿಂದಲೇ ಉಬ್ಬಬೇಕು, ಉಬ್ಬದಿದ್ದರೆ ತನ್ನ ಹೆಸರು ಮದರಸಾಬನೇ ಅಲ್ಲ ಎಂದು ಮದರಸಾಬ ಶಪಥ ಮಾಡಿದ್ದು ರೋಣದಿಂದ ಬರುವ ಬಸ್ಸಿನಲ್ಲಿ, ಒಂಟಿ ಕಾಲಿನ ಮೇಲೆ ನಿಂತು. ಇನ್ನೊಂದು ಕಾಲು ಊರಲು ಜಾಗವಿರಲಿಲ್ಲ. ಮಹಾಶಪಥಗಳನ್ನು ಯಾರೂ ಆರಾಮವಾಗಿ ಕೂತು ಮಾಡಿಲ್ಲವೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ರೋಣದಲ್ಲಿ ಆ ದಿನ ಸಣ್ಣ ಉದ್ದಿಮೆದಾರರ ಶಿಬಿರವಿತ್ತು. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಫೈಲು, ಒಂದು ಪೆನ್ನು, ಒಂದು ತಟ್ಟೆ ಉಪ್ಪಿಟ್ಟು ಮತ್ತು ಒಂದು ಶಬ್ದ. ಫೈಲಿನ ಗುಂಡಿ ಬಸ್ಸು ಹತ್ತುವಾಗ ಕಿತ್ತುಹೋಯಿತು. ಪೆನ್ನನ್ನು ಯಾರೋ ಕೇಳಿ ಇಸಿದುಕೊಂಡವರು ದಾರಿಯಲ್ಲಿ ಇಳಿದುಹೋದರು. ಉಪ್ಪಿಟ್ಟು ಅರ್ಧ ದಾರಿಗೇ ಕರಗಿತು. ಶಬ್ದವೊಂದು ಉಳಿಯಿತು: ಲೋಗೋ.

"ಹೆಸರು ಮರೀತಾರೆ, ಚಿತ್ರ ಮರೆಯೋದಿಲ್ಲ" ಎಂದಿದ್ದರು ಹುಬ್ಬಳ್ಳಿಯಿಂದ ಬಂದ ಉಪನ್ಯಾಸಕರು. "ಓದು ಬಾರದವರೂ ದೂರದಿಂದ ನೋಡಿ ಇದು ಇಂಥವರದು ಅಂತ ಹೇಳಬೇಕು. ಹತ್ತು ಸಾಮಾನು ಸಾಲಾಗಿ ಇಟ್ಟರೆ ನಿಮ್ಮದು ಬೇರೆಯೇ ಕಾಣಬೇಕು. ಲೋಗೋ ಇಲ್ಲದ ವ್ಯಾಪಾರ ಅಂದರೆ ಮುಖ ಇಲ್ಲದ ಮನುಷ್ಯ."

ಮದರಸಾಬ ಗಾಬರಿಯಾಗಿ ಗಲ್ಲ ಮುಟ್ಟಿ ನೋಡಿಕೊಂಡಿದ್ದ. ಆಮೇಲೆ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದ: 'ಹತ್ತರೊಳಗ ನಮ್ಮದು ಬ್ಯಾರೆ ಕಾಣಬೇಕು.'

ಅವನ ಹಿಟ್ಟಿನ ಗಿರಣಿ ಹಳೆಯ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇತ್ತು. ಅದಕ್ಕೊಂದು ಬೋರ್ಡಿರಲಿಲ್ಲ, ಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ. ಮೋಟರಿನ ಸದ್ದು, ಬಾಗಿಲಾಚೆ ತೇಲಿಬರುವ ಬೆಚ್ಚನೆಯ ಹಿಟ್ಟಿನ ವಾಸನೆ, ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಕೂತ ಹೆಂಡತಿ ಸಾಬೀರಾ. ವಿಳಾಸವೆಂದರೆ ಇಷ್ಟೇ. ಆದರೆ ಹೋದ ವರ್ಷ ಬಸ್‌ಸ್ಟ್ಯಾಂಡಿನ ಎದುರಿಗೆ ಆಫ್ತಾಬ ಹೊಸ ಗಿರಣಿ ಹಾಕಿದ. ಗೋಡೆಗೆಲ್ಲ ಬಿಳಿ ಟೈಲ್ಸು. ಮೇಲೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನಲ್ಲಿ ಮಾಡಿಸಿದ ಫ್ಲೆಕ್ಸು, ಅದರಲ್ಲಿ ಬಾಯಿ ತೆರೆದ ಸಿಂಹ. ಹಿಟ್ಟಿಗೂ ಸಿಂಹಕ್ಕೂ ಏನು ಸಂಬಂಧವೆಂದು ಮದರಸಾಬ ಮೂರು ತಿಂಗಳು ಕಂಡಕಂಡವರನ್ನು ಕೇಳಿದ. ಕೇಳಿಸಿಕೊಂಡವರು ಹೌದೆಂದು ತಲೆದೂಗಿ, ಡಬ್ಬಿ ಹೊತ್ತು ಸಿಂಹದ ಕಡೆಗೇ ನಡೆದರು. ನೂರು ಮನೆಯ ಗಿರಾಕಿಗಳು ಮೂವತ್ತಾರು ಮನೆಗೆ ಇಳಿದರು. ಆ ಮೂವತ್ತಾರೂ ಹೋದರೆ ಗಿರಣಿಗೆ ಬೀಗ. ಬೀಗ ಬಿದ್ದರೆ ಐವತ್ತೆರಡರ ವಯಸ್ಸಿನಲ್ಲಿ ಅವನಿಗೆ ಗೊತ್ತಿದ್ದ ಬೇರೆ ಕೆಲಸ ಒಂದೂ ಇರಲಿಲ್ಲ. ನಿದ್ದೆಯಲ್ಲೂ ಅವನ ಬಲಗೈ ಬೀಸುವ ಕಲ್ಲಿನ ಬಿಗಿ ಹೊಂದಿಸುತ್ತಿತ್ತು.

ಮನೆಗೆ ಬಂದವನೇ ಚಪ್ಪಲಿ ಬಿಡುವುದನ್ನೂ ಮರೆತು ಹೆಂಡತಿಯ ಮುಂದೆ ನಿಂತ.

"ಸಾಬೀರಾ, ನಮಗೊಂದು ಲೋಗೋ ಬೇಕು."

"ಚಪ್ಲಿ ಹೊರಗ ಬಿಟ್ಟು ಹೇಳ್ರಿ. ಲೋಗೋ ಅಂದ್ರ ಏನು?"

"ಗುರ್ತು. ಸಾಲಿ ಕಲೀದವರಿಗೂ ನೋಡಿದ ಕೂಡ್ಲೆ ಇದು ಮದರಸಾಬನ ಗಿರಣಿ ಅಂತ ತಿಳೀಬೇಕು."

"ನಾ ಬಾಗಲದಾಗ ಕುಂತಿದ್ದು ನೋಡಿದ ಕೂಡ್ಲೆ ಎಲ್ಲಾರಿಗೂ ತಿಳೀತೈತಲ್ರಿ."

"ನಿನ್ನ ಬೋರ್ಡಿನ ಮ್ಯಾಲ ಬರಸಾಕ ಬರಂಗಿಲ್ಲ."

"ಬರಸ್ರಿ ಅಂತ ಯಾರರೆ ಹೇಳಿದ್ರ?" ಎಂದು ಸಾಬೀರಾ ಒಲೆಯ ಮೇಲಿನ ರೊಟ್ಟಿ ತಿರುವಿದಳು. "ಮನ್ಯಾಗ ಜೋಳ ತೀರ್ಯಾವ. ಲೋಗೋಕ್ಕಿಂತ ಮದಲ ಅವನ್ನ ತರ್ರಿ."

ಜೋಳದ ಮಾತು ಅವನ ಕಿವಿಯ ಹೊರಗೇ ನಿಂತಿತು. ಒಳಗೆ ಜಾಗವಿರಲಿಲ್ಲ. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರ ನೋಡುತ್ತ ಬೀಡಿ ಹಚ್ಚುವುದನ್ನು ಮರೆತ. ಸಾಬೂನಿನ ಮೇಲಿನ ಅಚ್ಚು ನೋಡುತ್ತ ಕಣ್ಣಿಗೆಲ್ಲ ನೊರೆ ತುಂಬಿಕೊಂಡ. ಚಹದ ಪುಡಿಯ ಖಾಲಿ ಪೊಟ್ಟಣಗಳನ್ನು ಎತ್ತಿಕೊಂಡು ಬಂದು ಸಾಲಾಗಿ ಹರವಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಸಾಬೀರಾ ಅವನ್ನು ಒಟ್ಟಿಗೆ ಗುಡಿಸಿ ಒಲೆಗೆ ಹಾಕಿದಳು.

ಕೊನೆಗೆ ಒಂದು ಬೆಳಿಗ್ಗೆ ಜೋಳ ಬೀಸುತ್ತಿರುವಾಗ ಜ್ಞಾನೋದಯವಾಯಿತು. ಗಿರಣಿಯ ಬಾಯಿಗೆ, ಹಿಟ್ಟು ಚೆಲ್ಲದಿರಲೆಂದು, ಉದ್ದನೆಯ ಬಟ್ಟೆಯ ತೋಳು ಕಟ್ಟಿರುತ್ತದೆ. ಯಂತ್ರ ತಿರುಗಿದಂತೆ ಅದು ಉಬ್ಬಿ, ತೊನೆದಾಡಿ, ಡಬ್ಬಿಯೊಳಗೆ ಹಿಟ್ಟು ಸುರಿಯುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ಕೈಯಲ್ಲಿ ಹಿಡಿದಿದ್ದವನಿಗೆ ಅದು ಸೊಂಡಿಲೆಂದು ಕಂಡದ್ದು ಅಂದೇ ಮೊದಲು. ಊರ ಹೆಸರಲ್ಲೇ ಆನೆ ಇದೆ, ಗಿರಣಿಯ ಮೂತಿಯಲ್ಲೂ ಆನೆ ಇದೆ. ಆಫ್ತಾಬನ ಸಿಂಹ ಇನ್ನು ಎಲ್ಲಿ ಓಡುತ್ತದೆ ನೋಡೋಣ!

ಪೇಂಟರ್ ರಾಜರತ್ನನನ್ನು ಕರೆಸಿದ. ಲಾರಿಯ ಹಿಂಬದಿ, ಮೋಟರ್‌ಸೈಕಲ್ಲಿನ ನಂಬರು, ಅಂಗಡಿಯ ಬಾಗಿಲು ಎಲ್ಲವನ್ನೂ ಅವನೇ ಬರೆಯುವವನು.

"ಆನಿ ತಗೀಬೇಕು. ಸೊಂಡಿಲದಾಗ ಜೋಳದ ತೆನಿ. ಕಾಲಾಗ ಬೀಸೋ ಕಲ್ಲು. ಹಿಂದ ಗುಡ್ಡ. ಗುಡ್ಡದ ಮ್ಯಾಲ ಸೂರ್ಯ. ಬಾಜೂಕ ಒಬ್ಬಾಕಿ ರೊಟ್ಟಿ ಬಡಿಯಾಕತ್ತಿರಬೇಕು."

ರಾಜರತ್ನ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಸಾವ್ಕಾರ್ರ, ಇದು ಲೋಗೋ ಅಲ್ರಿ, ಇದು ಸಂತಿ. ಆನಿ ಒಂದ ಸಾಕು."

"ತೆನಿ?"

"ತೆನಿ ಕೊಡ್ತೀನಿ."

"ಸೂರ್ಯ?"

"ಸೂರ್ಯ ಬ್ಯಾಡ್ರಿ. ಬಿಸಲಾಗ ಆನಿ ಬಾಡತೈತಿ."

ಹೀಗೆ ಎರಡು ದಿನ ಚೌಕಾಸಿ ನಡೆದು, ಜೋಳದ ತೆನೆ ಹಿಡಿದ ಒಂದು ಬಿಳಿ ಆನೆ ಕಾಗದದ ಮೇಲೆ ಇಳಿಯಿತು. ಚೆಲುವಾಗಿಯೇ ಇತ್ತು. ಬೋರ್ಡಿನ ಹಲಗೆ ಮಾಡಿಸುವುದೊಂದು ಬಾಕಿ.

ಅಷ್ಟರಲ್ಲಿ ಎರಡು ಘಟನೆಗಳು ಒಟ್ಟಿಗೆ ಬಂದವು. ಓಣಿಗೆ ಕರೆಂಟು ಕೊಡುವ ಟಿಸಿ ಸುಟ್ಟು ಗಿರಣಿ ನಿಂತಿತು. ಬೀಸಲು ತಂದ ಡಬ್ಬಿಗಳು ಪಾಳಿಯಲ್ಲಿ ಒಂದರ ಹಿಂದೊಂದು ಕೂತವು. ಅದೇ ದಿನ ಸಾಬೀರಾಳ ತಂಗಿ ಇಷ್ರತ ನರೇಗಲ್ಲಿನಲ್ಲಿ ಹಡೆದಳೆಂದು ಸುದ್ದಿ ಬಂತು. ಮರುದಿನ ಬೆಳಿಗ್ಗೆ ಸಾಬೀರಾ ಹೊರಟಳು.

"ಎರಡ ದಿನ. ಮೂರನೇ ದಿನ ಸಂಜಿ ಬರ್ತೀನಿ. ಡಬ್ಬಿ ಒಂದೂ ಅಲ್ಲಾಡಸಬ್ಯಾಡ್ರಿ, ಇದ್ದ ಪಾಳಿ ಇದ್ದಂಗ ಇರಲಿ. ಮನಿ ಜೋಳ ಇವತ್ತರೆ ತಂದು ನಮ್ಮ ಡಬ್ಬಿಗೆ ಹಾಕಿ ಕಡೀಕ ಇಡ್ರಿ. ಆರಿಸಿ ನೋಡಿ ತರ್ರಿ."

"ಆತು, ಆತು" ಎಂದ ಮದರಸಾಬ. ಮಾತು ಹೆಂಡತಿಗೆ, ಮನಸ್ಸು ಆನೆಗೆ. ಅದೇ ಗುಂಗಿನಲ್ಲಿ ಹೋಗಿ, ಶಿರೋಳದವನೊಬ್ಬ ಹೊತ್ತು ತಂದಿದ್ದ ಚೀಲದಲ್ಲಿ ಕೈ ಕೂಡ ಇಡದೆ ಜೋಳ ಅಳೆಸಿಕೊಂಡು ಬಂದ. ಮನೆಯ ಡಬ್ಬಿಗೆ ಸುರಿದ, ಪಾಳಿಯ ಕೊನೆಗೆ ಇಟ್ಟ, ಇಟ್ಟಕೂಡಲೇ ಮರೆತ.

ಇಡುವಾಗ ತಲೆಯೆತ್ತಿ ಸಾಲು ನೋಡಿದ್ದೇ ತಪ್ಪಾಯಿತು.

ಆ ಓಣಿಯಲ್ಲಿ ಹಿಟ್ಟಿನ ಡಬ್ಬಿ ಎಂದರೆ ಎಣ್ಣೆಯ ಚೌಕ ಡಬ್ಬಿ. ಎಣ್ಣೆ ಮುಗಿದ ಮೇಲೆ ಬಾಯಿ ಕೊರೆಸಿ, ಮುಚ್ಚಳ ಕೂಡಿಸಿಕೊಳ್ಳುತ್ತಾರೆ. ಎಲ್ಲ ಒಂದೇ ಅಳತೆ, ಒಂದೇ ಎತ್ತರ. ಅದಕ್ಕೇ ಒಬ್ಬೊಬ್ಬರದು ಒಂದೊಂದು ಗುರುತು. ಉಡಚವ್ವನ ಡಬ್ಬಿಗೆ ಸುಣ್ಣದ ಮೂರು ಬೆರಳಿನ ಗೆರೆ. ಕರೆವ್ವನದಕ್ಕೆ ಹಳೆಯ ಕುಪ್ಪಸದ ಕೆಂಪು ಚೂರು ಕಟ್ಟಿದೆ. ಬಾನುಬಿಯದಕ್ಕೆ ಹಸಿರು ದಾರ. ಮಾಯವ್ವನದಕ್ಕೆ ವಿಭೂತಿ ಪಟ್ಟೆ. ಲಕ್ಷ್ಮಪ್ಪನದಕ್ಕೆ ಗಾಡಿಯ ಕೀಲೆಣ್ಣೆಯಲ್ಲಿ ಮೂಡಿದ ಅಂಗೈ. ಇವುಗಳನ್ನೆಲ್ಲ ಸಾಬೀರಾ ಮುಖ ನೋಡಿದಂತೆ ನೋಡುತ್ತಿದ್ದಳು. ಮದರಸಾಬನ ಕಣ್ಣಿಗೆ ಅಂದು ಕಂಡದ್ದು ಬರೀ ಹೊಲಸು.

ಮತ್ತು ಕಂಡದ್ದು ಒಂದು ದರ್ಶನ. ಈ ಡಬ್ಬಿಗಳೆಲ್ಲ ನಾಳೆ ಹೆಂಗಸರ ತಲೆಯ ಮೇಲೆ ಏರಿ ಓಣಿ ಓಣಿ ಸುತ್ತುತ್ತವೆ. ಬೋರ್ಡು ಒಂದೇ ಕಡೆ ನಿಲ್ಲುತ್ತದೆ, ಇವು ನಡೆದಾಡುತ್ತವೆ. ಆಫ್ತಾಬನದು ಒಂದೇ ಸಿಂಹ, ಅದೂ ಗೋಡೆಗೆ ಮೊಳೆ ಹೊಡೆದದ್ದು. ತನ್ನದು ಆನೆಗಳ ದಂಡು.

"ರಾಜರತ್ನ, ಹಲಗಿ ಬ್ಯಾಡ. ಡಬ್ಬಿ ಮ್ಯಾಲ ತಗಿ."

"ಯಾವ ಡಬ್ಬಿ?"

"ಎಲ್ಲಾ ಡಬ್ಬಿ."

ರಾಜರತ್ನ ಸಾಲನ್ನು ನೋಡಿ, ಕಿವಿಯ ಬೀಡಿ ಇಳಿಸಿ ಹಚ್ಚಿದ. "ಮಂದಿ ಡಬ್ಬಿ ಅದಾವಲ್ರಿ. ಕೇಳಬೇಕಾಕ್ಕೈತಿ."

"ಪುಕ್ಕಟೆ ಬಣ್ಣ ಹಚ್ಚಿ ಕೊಟ್ರ ಯಾರು ಬ್ಯಾಡ ಅಂತಾರ? ಕೈ ಎತ್ತಿ ದುವಾ ಮಾಡ್ತಾರ."

ಕೆಲಸ ಶುರುವಾಯಿತು. ಮೊದಲು ಉಸುಕು ಕಾಗದ ಹಾಕಿ ತಿಕ್ಕಿದರು. ಸುಣ್ಣದ ಗೆರೆ ಹೋಯಿತು, ವಿಭೂತಿ ಹೋಯಿತು, ಕೀಲೆಣ್ಣೆಯ ಅಂಗೈ ಸೀಮೆಎಣ್ಣೆಗೆ ಕರಗಿ ಹೋಯಿತು. ಕೆಂಪು ಚೂರು, ಹಸಿರು ದಾರ, ಮಾಸಿದ ಲಾಡಿ ಎಲ್ಲವನ್ನೂ ಮದರಸಾಬ ತಾನೇ ಕತ್ತರಿಸಿ ಒಂದು ಬುಟ್ಟಿಗೆ ಹಾಕಿ ತಿಪ್ಪೆಗೆ ಸುರಿದು ಬಂದ. ಆಮೇಲೆ ಎಲ್ಲಕ್ಕೂ ಒಂದೇ ಆಕಾಶನೀಲಿ. ನೀಲಿಯ ಮೇಲೆ ಬಿಳಿ ಆನೆ.

ಮೊದಲ ಹತ್ತು ಆನೆಗಳು ಅರಮನೆಯ ಆನೆಗಳಂತಿದ್ದವು. ಹದಿನೈದರ ಹೊತ್ತಿಗೆ ರಾಜರತ್ನನ ಬೆನ್ನು ನೋಯತೊಡಗಿ ಆನೆಗಳು ತುಸು ಕುಗ್ಗಿದವು. ಇಪ್ಪತ್ತೈದಕ್ಕೆ ಮರಿಗಳಾದವು. ಮೂವತ್ತು ದಾಟಿದ ಮೇಲೆ ಬಿಳಿ ಬಣ್ಣ ತಳ ಕಂಡು, ತೆನೆಯೂ ಸೊಂಡಿಲೂ ಒಂದೇ ಎಳೆಯಲ್ಲಿ ಮುಗಿದವು. ಕೊನೆಯ ಡಬ್ಬಿಗಂತೂ ಕುಂಚವನ್ನು ಡಬ್ಬದ ಅಂಚಿಗೆ ಒರೆಸಿ ಒರೆಸಿ ಬರೆದ. ಕಿವಿ ದುಂಡಗಾದವು, ಸೊಂಡಿಲು ಮೂಗಿನಷ್ಟಕ್ಕೇ ನಿಂತಿತು, ಬಾಲ ಮಾತ್ರ ಕೈತಪ್ಪಿ ಉದ್ದವಾಯಿತು.

"ಸ್ವಲ್ಪ ದೂರ ನಿಂತು ನೋಡ್ರಿ, ಆನೀನ ಕಾಣತೈತಿ" ಎಂದ ರಾಜರತ್ನ.

ಮದರಸಾಬ ರಸ್ತೆಗೆ ಇಳಿದು ನೋಡಿದ. ಇನ್ನಷ್ಟು ದೂರ ಹೋದ. ಎದುರಿನ ಕಟ್ಟೆಯಿಂದ ಹೌದೆನಿಸಿತು.

"ಒಟ್ಟ ಮೂವತ್ತೇಳ ಆದುವ್ರಿ."

"ಮೂವತ್ತೇಳ?" ಮದರಸಾಬನ ಎದೆ ಉಬ್ಬಿತು. "ಮೂವತ್ತಾರ ಮನಿ ಇದ್ದದ್ದು. ನೋಡಿದೇನು, ಲೋಗೋ ಇನ್ನೂ ಒಣಗಿಲ್ಲ, ಒಂದು ಹೊಸಾ ಗಿರಾಕಿ ಬಂತು."

ಮೂರನೆಯ ದಿನ ಬೆಳಿಗ್ಗೆ ಕರೆಂಟು ಬಂತು. ಮದರಸಾಬ ಒಂದೇ ಸಮನೆ ಬೀಸಿದ. ಜೋಳ ಸುರಿದು, ಖಾಲಿಯಾದ ಡಬ್ಬಿಯನ್ನು ಸೊಂಡಿಲ ಕೆಳಗಿಟ್ಟು, ತುಂಬಿದ ಕೂಡಲೇ ಗೋಡೆಗೆ ಒತ್ತಿ ಸಾಲು ಮಾಡಿದ. ಆನೆಗಳೆಲ್ಲ ಎದುರಿಗೆ ಕಾಣಲೆಂದು ಚೆನ್ನಾಗಿ ಕಂಡವನ್ನು ಮುಂದಿಟ್ಟು, ಸೊರಗಿದವನ್ನು ಹಿಂದೆ ಸರಿಸಿದ. ಪಾಳಿ ಎಂಬುದೊಂದು ಇತ್ತೆಂದು ಅವನಿಗೆ ನೆನಪೂ ಇರಲಿಲ್ಲ. ಒಂದು ಡಬ್ಬಿಯ ಹಿಟ್ಟು ಮಲ್ಲಿಗೆಯಂತೆ ಬಿಳಿಯಾಗಿ ಇಳಿಯಿತು. ಒಂದರದು ಕೆಂಪಗೆ, ನುಸಿಯ ವಾಸನೆ ಬೇರೆ.

"ಇಂಥಾ ಜೋಳ ತಂದಾವನ ಕಣ್ಣು ಎಲ್ಲಿ ಇದ್ದುವೋ" ಎಂದು ಅವನು ಸೊಂಡಿಲಿಗೆ ಹೇಳಿದ.

ನಾಲ್ಕು ಗಂಟೆಗೆ ಜನ ಬರತೊಡಗಿದರು. ಮೂರು ದಿನ ಮನೆಯಲ್ಲಿ ಹಿಟ್ಟಿಲ್ಲ, ಅನ್ನ ತಿಂದು ತಿಂದು ಎಲ್ಲರಿಗೂ ಸಿಟ್ಟು. ಮೊದಲು ಬಂದವಳು ಉಡಚವ್ವ. ಅರವತ್ತು ದಾಟಿದ ಜೀವ, ಮಾತಿಗೆ ಇಪ್ಪತ್ತರ ಹರೆಯ. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಮೂವತ್ತೇಳು ನೀಲಿ ಡಬ್ಬಿಗಳು ಅವಳನ್ನು ನೋಡಿದವು.

"ಏ ಮದರಸಾಬ, ನನ್ನ ಡಬ್ಬಿ ಎಲ್ಲೈತೋ?"

"ಇಲ್ಲೇ ಐತಿ ನೋಡ್ರಿ ಉಡಚಕ್ಕ. ಚಂದ ಆಗ್ಯಾವಿಲ್ಲ?"

"ಚಂದ ಆಗ್ಯಾವ. ನಂದು ಯಾವುದು?"

ಮದರಸಾಬ ಸಾಲನ್ನು ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ. ಫೈಲಿನ ಮೇಲೆ ತಾನೇ ಬರೆದ ದಪ್ಪಕ್ಷರ ಕಣ್ಣ ಮುಂದೆ ಬಂತು. ಹತ್ತರೊಳಗೆ ಬೇರೆ ಕಾಣಬೇಕು. ಇಲ್ಲಿ ಮೂವತ್ತೇಳರೊಳಗೆ ಒಂದೂ ಬೇರೆ ಕಾಣುತ್ತಿರಲಿಲ್ಲ.

"ಎಲ್ಲಾದರಾಗೂ ಜೋಳದ ಹಿಟ್ಟೇ ಐತಿ" ಎಂದ, ನ್ಯಾಯ ಹೇಳುವವನಂತೆ.

"ಎಲ್ಲಾರ ಮನ್ಯಾಗೂ ಗಂಡಸರ ಅದಾರ. ಯಾರನ್ನರೆ ಕರಕೊಂಡು ಹೋಗಾಕ ಬರತೈತೇನು?"

ಅಷ್ಟರಲ್ಲಿ ಕರೆವ್ವ ಬಂದಳು, ಮಾಯವ್ವ ಬಂದಳು, ಲಕ್ಷ್ಮಪ್ಪ ಸೈಕಲ್ ಒರಗಿಸಿ ಬಂದ. ಐದು ಗಂಟೆಗೆ ಓಣಿ ಓಣಿಯೇ ಹೊಸ್ತಿಲಲ್ಲಿತ್ತು. ಮುಚ್ಚಳ ತೆಗೆದು ನೋಡಿ ಗುರುತಿಸುವುದೆಂದು ಮದರಸಾಬನೇ ಉಪಾಯ ಹೇಳಿದ. ಅವನ ಜೀವನದ ಎರಡನೆಯ ದೊಡ್ಡ ತಪ್ಪು ಅದು. ಮೊದಲನೆಯದು ಇನ್ನೂ ಸರಿಯಾಗಿ ಒಣಗಿರಲಿಲ್ಲ.

ಮುಚ್ಚಳ ತೆಗೆದ ಕೂಡಲೇ ಮಲ್ಲಿಗೆಯಂಥ ಬಿಳಿ ಹಿಟ್ಟಿನ ಡಬ್ಬಿಯ ಮೇಲೆ ನಾಲ್ಕು ಕೈಗಳು ಬಿದ್ದವು.

"ಇದು ನಂದ. ನಮ್ಮ ಪುರ್ತಗೇರಿ ಹೊಲದ ಜೋಳ" ಎಂದ ಲಕ್ಷ್ಮಪ್ಪ.

"ನಿಮ್ಮ ಹೊಲದಾಗ ಈ ವರ್ಷ ಬೆಳದದ್ದು ಕರಕಿ" ಎಂದಳು ಕರೆವ್ವ. "ಇದು ನಾ ಆರಿಸಿ, ಕೇರಿ ತಂದದ್ದು."

"ನೀ ಯಾವಾಗ ಕೇರಿದ್ದೆವಾ? ನಿಮ್ಮನಿ ಕೇರೋ ಮರದಾಗ ಜ್ಯಾಡ ಬಲಿ ಕಟ್ಟೈತಿ" ಎಂದಳು ಮಾಯವ್ವ.

"ಎಲ್ಲಾರೂ ಕೈ ತಗೀರಿ. ನಾ ದೊಡ್ಡಾಕಿ, ಸುಳ್ಳ ಹೇಳಂಗಿಲ್ಲ, ಇದು ನಂದ" ಎಂದಳು ಉಡಚವ್ವ.

ಬಿಳಿಯ ಹಿಟ್ಟಿಗೆ ನಾಲ್ವರು ಒಡೆಯರು, ಕೆಂಪು ಹಿಟ್ಟಿನ ಡಬ್ಬಿಗೆ ಒಬ್ಬರೂ ಇಲ್ಲ. ಅದರ ಮುಚ್ಚಳ ತೆಗೆದವರೆಲ್ಲ ಮೂಗು ಮುಚ್ಚಿ ಮತ್ತೆ ಮುಚ್ಚಿದರು. ಒಂದು ಮೂಲೆಯಲ್ಲಿ ಬಾನುಬಿ, ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳು, ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಮಾತು ತಾರಕಕ್ಕೇರಿತು. ಬಾಯಿಮಾತು ಹೊಲದ ಬದುವಿಗೆ, ಅಲ್ಲಿಂದ ಸೊಸೆಯ ತವರಿಗೆ, ಅಲ್ಲಿಂದ ಹತ್ತು ವರ್ಷದ ಹಿಂದೆ ಕೊಟ್ಟು ಮರಳಿ ಬಾರದ ಒಂದು ಸೇರಿಗೆ ಹಾರಿತು. ಮದರಸಾಬ ಒಬ್ಬರಿಂದ ಒಬ್ಬರ ಕಡೆಗೆ ಓಡಾಡಿ ಮೈಯೆಲ್ಲ ನೀಲಿ ಹಚ್ಚಿಕೊಂಡ.

"ಸಾಕು ಬಿಡ್ರವಾ" ಎಂದು ಉಡಚವ್ವ ಸೆರಗು ಸಿಕ್ಕಿಸಿಕೊಂಡಳು. "ನಾಳಿಂದ ಬಸ್‌ಸ್ಟ್ಯಾಂಡಿನ ಗಿರಣಿ. ಅಲ್ಲಿ ಸಿಂಹ ಗ್ವಾಡಿ ಮ್ಯಾಲರೆ ಇರತೈತಿ, ನಮ್ಮ ಡಬ್ಬಿ ತಂಟೇಕ ಬರಂಗಿಲ್ಲ."

"ನಾನೂ ಅಲ್ಲಿಗೇ" ಎಂದ ಲಕ್ಷ್ಮಪ್ಪ. ಹಿಂದಿನಿಂದ ಇನ್ನೂ ಮೂರು ದನಿಗಳು ಹೌದೆಂದವು.

ಮದರಸಾಬ ಆನೆಗಳನ್ನು ಹೊರಡಿಸಿದ್ದು ಆಫ್ತಾಬನ ಮೇಲೆ ದಂಡೆತ್ತಲು. ಅವು ತನ್ನ ಮೂವತ್ತಾರು ಮನೆಗಳನ್ನೇ ಎತ್ತಿಕೊಂಡು ಹೋಗಿ ಅವನಿಗೆ ಒಪ್ಪಿಸುತ್ತಿದ್ದವು. ಬೀಗ ಎಲ್ಲಿದೆಯೆಂದು ಅವನ ಕಣ್ಣು ತಾನಾಗಿಯೇ ಗೋಡೆಯ ಮೊಳೆಯ ಕಡೆಗೆ ಹೋಯಿತು.

ಆ ಹೊತ್ತಿಗೆ ನರೇಗಲ್ಲಿನ ಬಸ್ಸಿನಿಂದ ಇಳಿದ ಸಾಬೀರಾ, ಕಂಕುಳಲ್ಲಿ ಗಂಟು, ಗುಂಪನ್ನು ಸರಿಸಿಕೊಂಡು ಹೊಸ್ತಿಲಿಗೆ ಬಂದಳು. ಒಳಗೆ ನೋಡಿದಳು. ಗಂಡನನ್ನು ನೋಡಿದಳು. ಅವನ ಮೂಗಿನ ತುದಿಯೂ ನೀಲಿಯಾಗಿತ್ತು.

"ಏನಿದು?"

"ಲೋಗೋ" ಎಂದ ಮದರಸಾಬ, ಪಕ್ಕದವರಿಗೂ ಕೇಳದ ದನಿಯಲ್ಲಿ.

ಸಾಬೀರಾ ಗಂಟು ಇಳಿಸಿ, ಮಣೆ ಎಳೆದುಕೊಂಡು ಸಾಲಿನ ಮುಂದೆ ಕೂತಳು. ಒಂದು ಡಬ್ಬಿಯನ್ನು ಮಗುವಿನ ಬೆನ್ನು ಸವರಿದಂತೆ ಮೇಲಿಂದ ಕೆಳಗೆ ಸವರಿದಳು. ಬಣ್ಣ ಗೆರೆಗಳನ್ನು ಮುಚ್ಚಿತ್ತು, ದಾರಗಳನ್ನು ಮದರಸಾಬ ಕತ್ತರಿಸಿದ್ದ. ಡಬ್ಬಿಗಳಿಗೆ ಬಿದ್ದ ತಗ್ಗುಗಳನ್ನು ಮುಚ್ಚುವ ಬಣ್ಣ ಮಾತ್ರ ರಾಜರತ್ನನ ಹತ್ತಿರ ಇರಲಿಲ್ಲ.

"ಮೂಲ್ಯಾಗ ಕಾಲಿಲೆ ಒದ್ದ ತಗ್ಗು" ಎಂದಳು ಸಾಬೀರಾ ಎಲ್ಲರಿಗೂ ಕೇಳುವಂತೆ. "ಸೊಸಿ ಬಂದ ವರ್ಷ ಬಿದ್ದದ್ದು. ಆಕಿ ಬಡದ ರೊಟ್ಟಿ ಅತ್ತೀದಕ್ಕಿಂತ ತೆಳ್ಳಗ ಅದಾವ ಅಂತ ಮಾವ ಒಂದ ಮಾತ ಅಂದ್ರ—"

"ತಾ ಇಲ್ಲಿ" ಎಂದು ಉಡಚವ್ವ ಬಿಳಿ ಹಿಟ್ಟಿನ ಡಬ್ಬಿಯಿಂದ ಕೈ ತೆಗೆದು ಅದನ್ನು ಕಸಿದುಕೊಂಡಳು. "ನಂದ ಐತಿ. ಮುಂದಿಂದು ಹೇಳೋದೇನು ಬ್ಯಾಡ."

ಸಾಬೀರಾ ಮುಂದಿನದಕ್ಕೆ ಕೈ ಹಾಕಿ, ಎರಡು ಡಬ್ಬಿ ಸರಿಸಿ ಮೂರನೆಯದನ್ನು ಎಳೆದಳು. "ಇದಕ್ಕ ಎರಡೂ ಮಗ್ಗಲಕ್ಕ ತಗ್ಗು. ಒಗದದ್ದು ಗಂಡಗ, ಬಡದದ್ದು ಗ್ವಾಡಿಗೆ, ತಿರಗಿ ಬಿದ್ದದ್ದು—"

"ಅಕ್ಕಾ, ನಂದ ಕೊಡು" ಎಂದಳು ಕರೆವ್ವ, ಗಂಡ ಗುಂಪಿನಲ್ಲಿ ಎಲ್ಲಾದರೂ ಇದ್ದಾನೆಯೇ ಎಂದು ತಿರುಗಿ ನೋಡುತ್ತ.

"ತಳ ಸೊಟ್ಟ ಆಗೈತಿ. ಸೈಕಲ್ ಮ್ಯಾಲಿಂದ ಬಿದ್ದದ್ದು. ಹೋರಿ ಬೆನ್ನ ಹತ್ತಿತ್ತು ಅಂತ ಮನ್ಯಾಗ ಹೇಳ್ಯಾರ. ಅವತ್ತ ನಾ ಇಲ್ಲೇ ಬಾಗಲದಾಗ ಕುಂತಿದ್ದೆ. ಬೆನ್ನ ಹತ್ತಿದ್ದು ಎಷ್ಟ ದೊಡ್ಡ ಪ್ರಾಣಿ ಅಂತ ನಾ ಕಣ್ಣಾರೆ—"

"ಸಾಬೀರಕ್ಕ, ನಿನ್ನ ಕಾಲ ಬೀಳ್ತೀನಿ" ಎಂದು ಲಕ್ಷ್ಮಪ್ಪ ಡಬ್ಬಿಯನ್ನು ಅವುಚಿಕೊಂಡ. ಅದು ನಾಯಿಮರಿಯೆಂಬುದು ಓಣಿಗೆಲ್ಲ ಗೊತ್ತಿದ್ದ ಗುಟ್ಟು.

ಆಮೇಲೆ ಸಾಬೀರಾ ಬಾಯಿ ತೆರೆಯಬೇಕಾಗಲಿಲ್ಲ. ಕೈ ಎತ್ತಿದರೆ ಸಾಕು, ಜನ ತಾವೇ ಮುಂದೆ ಬಂದು, ಡಬ್ಬಿಗಳ ಮೈ ಸವರಿ, ತಮ್ಮ ತಮ್ಮ ಮನೆಯ ಚರಿತ್ರೆಯನ್ನು ಅಂಗೈಯಲ್ಲಿ ಓದಿಕೊಂಡು, ಮಾತಿಲ್ಲದೆ ಎತ್ತಿ ಬದಿಗಿಟ್ಟುಕೊಂಡರು. ಮಾಯವ್ವ ತನ್ನದನ್ನು ಸೆರಗಿನಲ್ಲಿ ಮುಚ್ಚಿಯೇ ಒಯ್ದಳು. ಅದರ ತಗ್ಗು ಏನು ಹೇಳುತ್ತಿತ್ತೋ ಅವಳಿಗೇ ಗೊತ್ತು. ನಾಲ್ಕು ಕೈ ಬಿದ್ದಿದ್ದ ಬಿಳಿ ಹಿಟ್ಟಿನ ಡಬ್ಬಿ ಈಗ ಒಂಟಿಯಾಗಿ ನಿಂತಿತ್ತು. ಸಾಬೀರಾ ಅದನ್ನು ಸುತ್ತಲೂ ಸವರಿ ಬಾನುಬಿಯ ಮುಂದೆ ತಂದಿಟ್ಟಳು.

"ನಂದು ಅಂತ ಹ್ಯಾಂಗ ಗೊತ್ತಾತವಾ?" ಎಂದಳು ಮುದುಕಿ. "ನನ್ನ ಡಬ್ಬಿಗೆ ಒಂದೂ ತಗ್ಗಿಲ್ಲ."

"ಅದಕ್ಕ ಗೊತ್ತಾತು ಖಾಲಾ."

ಉಡಚವ್ವ ಎದುರು ಮನೆಯಿಂದ ಒಂದು ಬಟ್ಟಲು ಸುಣ್ಣ ತರಿಸಿದಳು. ಅಲ್ಲೇ ನಿಂತು, ಆನೆಯ ಮುಖದ ಮೇಲೆಯೇ ಮೂರು ಬೆರಳು ಎಳೆದಳು. ಕರೆವ್ವ ಸೆರಗಿನ ಅಂಚಿನಿಂದ ಚೂರು ಹರಿದು ಕಟ್ಟಿದಳು. ಲಕ್ಷ್ಮಪ್ಪ ಸೈಕಲ್ಲಿನ ಸರಪಳಿಗೆ ಅಂಗೈ ಒರೆಸಿ ಆನೆಯ ಹೊಟ್ಟೆಗೆ ಒತ್ತಿದ. ಕಾಲು ಗಂಟೆಯಲ್ಲಿ ಇಡೀ ದಂಡು ಸುಣ್ಣ, ಕೀಲೆಣ್ಣೆ, ಚಿಂದಿ, ದಾರಗಳ ಕೆಳಗೆ ಕಾಣದಾಯಿತು. ಡಬ್ಬಿ ತಲೆಗೇರಿಸಿಕೊಳ್ಳುತ್ತ ಉಡಚವ್ವ ಸಾಬೀರಾಳ ಕಡೆ ತಿರುಗಿದಳು.

"ಸೋಮವಾರ ಜೋಳ ತರ್ತೀನಿ. ನೀ ಬಾಗಲದಾಗ ಇರ್ತಿ ಹೌದಲ್ಲೋ? ನೀ ಇರಲಿಲ್ಲಂದ್ರ ನಾ ಒಳಗ ಕಾಲ ಇಡಂಗಿಲ್ಲ."

"ಇರ್ತೀನಿ ಬರ್ರಿ."

ಉಳಿದವರೂ ಅದನ್ನೇ ಕೇಳಿ ಹೊರಟರು. ಗಿರಣಿಯ ಬೀಗ ಮೊಳೆಯಲ್ಲೇ ಉಳಿಯಿತು. ಮದರಸಾಬ ಆಳವಾಗಿ ಒಂದು ಉಸಿರು ಬಿಟ್ಟ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಗೋಡೆಯ ಬುಡದಲ್ಲಿ ಇನ್ನೂ ಒಂದು ನೀಲಿ ಡಬ್ಬಿ ಕೂತಿತ್ತು. ಕೆಂಪು ಹಿಟ್ಟಿನದು.

"ಇದು ಯಾರದು?" ಎಂದು ಸಾಬೀರಾ ಕೇಳಿದಳು.

"ಯಾವುದೋ ಹೊಸಾ ಗಿರಾಕೀದು" ಎಂದ ಮದರಸಾಬ. ಕಳೆದುಹೋದ ಗತ್ತು ತುಸು ಮರಳಿ ಬಂದಿತ್ತು. "ಇಂಥಾ ನುಸಿ ಹತ್ತಿದ ಜೋಳ ಎಲ್ಲಿ ಹುಡುಕಿ ತಂದಾನೋ ಪುಣ್ಯಾತ್ಮ. ಕಣ್ಣು ಮನ್ಯಾಗ ಬಿಟ್ಟು ಸಂತಿಗೆ ಹೋಗಿದ್ದಾ ಅಂತ ಕಾಣತೈತಿ."

ಹೊರಟವರಲ್ಲಿ ನಾಲ್ಕೈದು ಜನ ನಿಂತು ನಕ್ಕರು. ಸಾಬೀರಾ ಬಾಗಿ ಡಬ್ಬಿಯ ಮುಚ್ಚಳ ಸವರಿದಳು. ನಡುವೆ ಬಟ್ಟಲಿನಂತೆ ಕುಸಿದ ತಗ್ಗು. ಅವಳ ಕೈ ಅಲ್ಲೇ ನಿಂತಿತು.

"ತಗ್ಗು ಮುಚ್ಚಳದ ಮ್ಯಾಲ ಐತಿ" ಎಂದಳು ನಿಧಾನವಾಗಿ. "ಮೂರ ವರ್ಷದ ಹಿಂದಿಂದು. ನಮ್ಮ ಸೈರಾಬಾನೂನ ನರಗುಂದಕ್ಕ ಕೊಟ್ಟ ದಿನ. ಮಗಳ ಗಾಡಿ ಹೊಂಟಿತ್ತು, ಅಪ್ಪ ಎಲ್ಲಿ ಅಂತ ಎಲ್ಲಾರೂ ಹುಡುಕ್ಯಾರ. ಅಡಗಿ ಭಾಂಡೆ ನೋಡಾಕ ಹೋಗಿದ್ದೆ ಅಂತ ಆಮ್ಯಾಲ ಹೇಳಿದ್ರು. ಖರೇ ಅಂದ್ರ ಇಲ್ಲೇ ಗಿರಣ್ಯಾಗ, ಬಾಗಲಾ ಹಾಕ್ಕೊಂಡು, ಈ ಡಬ್ಬಿ ಮ್ಯಾಲ ಕುಂತು ಸಣ್ಣ ಕೂಸಿನಂಗ—"

ಮದರಸಾಬ ಎರಡೇ ಹೆಜ್ಜೆಗೆ ಬಂದ. ಬಗ್ಗಿ, ಡಬ್ಬಿಯನ್ನು ಎತ್ತಿ, ಒಂದೇ ಏಟಿಗೆ ತಲೆಯ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದ. ಉಡಚವ್ವ ದಾರಿ ಬಿಟ್ಟಳು. ಈ ಸಲ ಯಾರೂ ನಗಲಿಲ್ಲ. ಅದೇ ಅವನಿಗೆ ನಕ್ಕದ್ದಕ್ಕಿಂತ ಕಷ್ಟವಾಯಿತು. ಹಿಟ್ಟು ಬಿಸಿಯಾಗಿತ್ತು, ನೆತ್ತಿಯೂ.

ಓಣಿಯ ತಿರುವಿನಲ್ಲಿ ಆಫ್ತಾಬ ಸ್ಕೂಟರಿನಲ್ಲಿ ಎದುರಾದ. ಊರೆಲ್ಲ ಹಬ್ಬಿದ ಆನೆಯ ಸುದ್ದಿ ಕೇಳಿ ನೋಡಲೆಂದೇ ಬಂದಿದ್ದ. ಊರಲ್ಲಿ ಸುಣ್ಣ ಬೀಳದೆ, ಚಿಂದಿ ಕಟ್ಟಿಸಿಕೊಳ್ಳದೆ ಉಳಿದಿದ್ದ ಲೋಗೋ ಇನ್ನು ಮದರಸಾಬನ ತಲೆಯ ಮೇಲಿನದೊಂದೇ. ಬಣ್ಣ ತೀರಿದ ಮೇಲೆ ಬರೆದದ್ದು, ದುಂಡು ಕಿವಿಯದು, ಮೋಟು ಮೂಗಿನದು, ಉದ್ದ ಬಾಲದ್ದು. ಅವನು ಸ್ಕೂಟರ್ ನಿಲ್ಲಿಸಿ, ತಲೆ ವಾರೆ ಮಾಡಿ, ನಿಜವಾದ ಗೌರವದಿಂದ ಅದನ್ನು ನೋಡಿದ.

"ಭಾಳ ಚಲೋ ಬಂದೈತಿ ಚಾಚಾ, ನೋಡಿದ ಕೂಡ್ಲೆ ತಿಳೀತೈತಿ" ಎಂದ. "ಇಲಿ ಪಾಷಾಣದ ಏಜೆನ್ಸಿ ಯಾವಾಗ ಹಿಡದ್ರಿ?"